ಬದುವಿನ ಮೇಲೊಂದು ಎಣ್ಣೆ ಬಾವಿ!

ಹೊಂಗೆ ಕಾಯಿಯನ್ನು ಯಾವತ್ತಾದರೂ ಒಡೆದು ನೋಡಿದ್ದೀರಾ? ಚಪ್ಪಟೆ ಕಾಯಿ, ಗಟ್ಟಿ ಸಿಪ್ಪೆ. ಒಳಗೆ ಸಾಮಾನ್ಯವಾಗಿ ಒಂದೇ ಒಂದು ಬೀಜ. ಕೆಂಗಂದು ಬಣ್ಣ, ಸುಕ್ಕುಗಟ್ಟಿದ ಮೈ. ತೂಕ? ಒಂದು ಗ್ರಾಂ, ಹೆಚ್ಚೆಂದರೆ ಎರಡು!

ಆ ಬೀಜವನ್ನು ಸೀಳಿ. ಹಳೆ ಪತ್ರಿಕೆಯ ಹಾಳೆಯ ಮೇಲಿಟ್ಟು ಉಗುರಿನಿಂದ ಒತ್ತಿ ಉಜ್ಜಿ. ಈಗ ಹಾಳೆಯನ್ನು ಬೆಳಕಿಗೆ ಹಿಡಿಯಿರಿ. ಉಜ್ಜಿದ ಜಾಗದಲ್ಲಿ ಕಾಗದ ತೆಳ್ಳಗಾದಂತೆ ಕಾಣುತ್ತದೆ, ಹಿಂದಿನ ಪುಟದ ಅಕ್ಷರ ಈಚೆಗೆ ಇಣುಕುತ್ತದೆ! ಗಂಟೆಗಟ್ಟಲೆ ಕಾದರೂ ಆ ಕಲೆ ಆರುವುದಿಲ್ಲ. ಏಕೆಂದರೆ ಅದು ನೀರಲ್ಲ, ಎಣ್ಣೆ. ಲಾರಿ ಓಡಿಸಬಲ್ಲ ಎಣ್ಣೆ!

ಹೌದು, ಲಾರಿ. ಸ್ವಲ್ಪ ತಾಳಿ, ಅಲ್ಲಿಗೇ ಬರುತ್ತೇನೆ.

ಹಾಸನ ಜಿಲ್ಲೆಯ ಕಟ್ಟಾಯದಿಂದ ಯಾವ ದಿಕ್ಕಿಗಾದರೂ ಹೊರಡಿ. ಗೊರೂರಿನ ಕಡೆಗೋ, ಹೊಳೆನರಸೀಪುರದ ಕಡೆಗೋ, ಅರಕಲಗೂಡಿಗೋ, ಚನ್ನರಾಯಪಟ್ಟಣಕ್ಕೋ. ಹೊಲದ ಬದುವಿನಲ್ಲಿ ಹೊಂಗೆ. ಕೆರೆ ಏರಿಯ ಮೇಲೆ ಹೊಂಗೆ. ಬಸ್ಸಿಗೆ ಕಾಯುವ ಕಟ್ಟೆಯ ಪಕ್ಕ ಹೊಂಗೆ. ಅದರ ನೆರಳಿನಲ್ಲಿ ನಿಲ್ಲದವರು ಯಾರಿದ್ದಾರೆ? ಆದರೆ ಕಾಲಡಿ ಚರಚರ ಎನ್ನುವ ಆ ಒಣ ಕಾಯಿಗಳಲ್ಲಿ ಏನಿದೆ ಎಂದು ಬಗ್ಗಿ ನೋಡಿದವರೆಷ್ಟು?

ಈಗ ಊಹಿಸಿ. ನೂರು ಗ್ರಾಂ ಹೊಂಗೆ ಬೀಜದಲ್ಲಿ ಎಣ್ಣೆ ಎಷ್ಟಿರಬಹುದು? ಐದು ಗ್ರಾಂ? ಹತ್ತು?

27ರಿಂದ 39 ಗ್ರಾಂ! ಬೀಜದ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಬರೀ ಎಣ್ಣೆ!

ಅಷ್ಟೊಂದು ಎಣ್ಣೆ ಇದ್ದರೂ ಬೀಜ ಕೈಗೆ ಜಿಡ್ಡಾಗುವುದಿಲ್ಲ, ಗಮನಿಸಿದ್ದೀರಾ? ಇಲ್ಲಿದೆ ನೋಡಿ ಗುಟ್ಟು. ಬೀಜದ ಜೀವಕೋಶಗಳ ಒಳಗೆ ಎಣ್ಣೆ ಸೂಕ್ಷ್ಮ ಹನಿಗಳಾಗಿ ಕೂತಿರುತ್ತದೆ. ಒಂದೊಂದು ಹನಿಯ ಅಗಲ ಸುಮಾರು ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ! ಪ್ರತಿ ಹನಿಗೂ ಅದರದೇ ತೆಳು ಪೊರೆ. ಒಂದು ಹನಿ ಇನ್ನೊಂದನ್ನು ಸೇರದಂತೆ ಕಾವಲು. ಮೊಳಕೆಗೆಂದು ತಾಯಿಮರ ಕಟ್ಟಿಕೊಟ್ಟ ಬುತ್ತಿ ಅದು. ಆ ಕೋಟಿ ಕೋಟಿ ಪೊರೆಗಳನ್ನು ಒಡೆಯುವುದು ಹೇಗೆ?

ಮೊದಲ ಉತ್ತರ ಗಾಣ. ಎತ್ತು ಸುತ್ತುತ್ತದೆ, ಒರಳೊಳಗೆ ಒನಕೆ ತಿರುಗುತ್ತದೆ, ಬೀಜ ನುಗ್ಗುನುರಿಯಾಗುತ್ತದೆ. ಈ ವಿದ್ಯೆ ನಮ್ಮ ನೆಲದಲ್ಲಿ ಎಷ್ಟು ಹಳೆಯದು ಗೊತ್ತೇ? ಹೊಯ್ಸಳರ ಕಾಲದ ಶಾಸನಗಳಲ್ಲೇ ಗಾಣದೆರೆ ಇದೆ! ಗಾಣಕ್ಕೂ ತೆರಿಗೆ! ದೇವಾಲಯದ ನಂದಾದೀಪಕ್ಕೆ ಎಣ್ಣೆ ದತ್ತಿ ಬಿಟ್ಟ ಲೆಕ್ಕವೂ ಕಲ್ಲಿನ ಮೇಲಿದೆ. ಎಂಟುನೂರು ವರ್ಷಗಳ ಹಿಂದೆಯೇ ಎಣ್ಣೆ ತೆಗೆಯುವುದು ಇಲ್ಲಿ ತೆರಿಗೆ ಹಾಕುವಷ್ಟು ದೊಡ್ಡ ಕಸುಬು!

ಎರಡನೇ ಉತ್ತರ ಎಕ್ಸ್‌ಪೆಲ್ಲರ್. ಉಕ್ಕಿನ ಕೊಳವೆಯೊಳಗೆ ಉಕ್ಕಿನ ತಿರುಪು. ಒಂದು ತುದಿಯಲ್ಲಿ ಬೀಜ ಸುರಿಯಿರಿ. ಮುಂದೆ ಹೋದಂತೆ ಜಾಗ ಕಿರಿದಾಗುತ್ತದೆ, ಒತ್ತಡ ಏರುತ್ತದೆ, ತಿಕ್ಕಾಟಕ್ಕೆ ಬಿಸಿ ಹುಟ್ಟುತ್ತದೆ. ಪೊರೆಗಳು ಪಟಪಟನೆ ಒಡೆಯುತ್ತವೆ! ಪಕ್ಕದ ಸೀಳುಗಳಿಂದ ಕಂದು ಎಣ್ಣೆ ಜಿನುಗುತ್ತದೆ, ತುದಿಯಿಂದ ಹಿಂಡಿಯ ಹಪ್ಪಳಗಳು ಬಿಸಿಬಿಸಿಯಾಗಿ ಉದುರುತ್ತವೆ. ಆ ಹಿಂಡಿಯನ್ನು ಮುಟ್ಟಿ ನೋಡಿ. ಇನ್ನೂ ಜಿಡ್ಡು! ಅಷ್ಟು ಹಿಂಡಿದರೂ ನೂರಕ್ಕೆ ಎಂಟು ಹತ್ತು ಪಾಲು ಎಣ್ಣೆ ಒಳಗೇ ಉಳಿದಿರುತ್ತದೆ!

ಅದನ್ನೂ ಬಿಡದ ಮೂರನೇ ದಾರಿಯಿದೆ. ಹೆಕ್ಸೇನ್! ಇದೊಂದು ದ್ರಾವಕ. ಹಿಂಡಿಯ ಮೂಲಕ ಇದನ್ನು ಹರಿಸಿದರೆ ಎಣ್ಣೆಯನ್ನೆಲ್ಲ ಕರಗಿಸಿಕೊಂಡು ಹೊರಬರುತ್ತದೆ. ಆಮೇಲೆ ಕಾಯಿಸಿದರೆ ಸಾಕು. 69 ಡಿಗ್ರಿಗೆ ಹೆಕ್ಸೇನ್ ಆವಿಯಾಗಿ ಹಾರುತ್ತದೆ, ಎಣ್ಣೆ ತಳದಲ್ಲಿ ಉಳಿಯುತ್ತದೆ. ಹಾರಿದ ಆವಿಯನ್ನು ತಣಿಸಿ ಮತ್ತೆ ಅದೇ ಕೆಲಸಕ್ಕೆ ಹಚ್ಚುತ್ತಾರೆ. ಹಿಂಡಿಯಲ್ಲಿ ಉಳಿಯುವ ಎಣ್ಣೆ ನೂರಕ್ಕೆ ಒಂದು ಪಾಲಿಗಿಂತ ಕಡಿಮೆ! ಆದರೆ ಹೆಕ್ಸೇನ್ ಕಿಡಿ ಸೋಕಿದರೆ ಭಗ್ ಎನ್ನುವ ವಸ್ತು. ಇದು ದೊಡ್ಡ ಕಾರ್ಖಾನೆಯ ಆಟ, ಹಿತ್ತಲಿನದಲ್ಲ.

ಇನ್ನೂ ಬೆರಗಿನದು ಬೇಕೇ? ಸೋಡಾ ಬಾಟಲಿಯಲ್ಲಿ ಗುಳ್ಳೆಯೇಳುವ ಇಂಗಾಲದ ಡೈಆಕ್ಸೈಡ್ ಗೊತ್ತಲ್ಲ? ಅದನ್ನು 31 ಡಿಗ್ರಿಗಿಂತ ಬೆಚ್ಚಗೆ ಮಾಡಿ, ಗಾಳಿಯ ಒತ್ತಡದ 73 ಪಟ್ಟಿಗಿಂತ ಹೆಚ್ಚು ಒತ್ತಿ. ಆಗ ಅದು ಅನಿಲವೂ ಅಲ್ಲ, ದ್ರವವೂ ಅಲ್ಲ! ಅನಿಲದಂತೆ ಸಂದಿಗೊಂದಿಗೆ ನುಗ್ಗುತ್ತದೆ, ದ್ರವದಂತೆ ಕರಗಿಸುತ್ತದೆ. ಒತ್ತಡ ಬಿಟ್ಟೊಡನೆ ಹಾರಿಹೋಗುತ್ತದೆ, ಒಂದು ಕಣವೂ ಹಿಂದುಳಿಯದೆ! ಕಾಫಿ ಬೀಜದಿಂದ ಕೆಫೀನ್ ಬೇರ್ಪಡಿಸುವ ಒಂದು ದಾರಿ ಇದೇ. ಹೊರದೇಶಗಳಲ್ಲಿ ಪರವಾನಗಿ ಪಡೆದ ಕೆಲವು ಕಾರ್ಖಾನೆಗಳು ಗಾಂಜಾ ಗಿಡದಿಂದ ಔಷಧದ ಎಣ್ಣೆ ತೆಗೆಯುವುದೂ ಹೀಗೆಯೇ. ಹೊಂಗೆಗೆ ಅಷ್ಟು ದುಬಾರಿ ಉಪಚಾರ ಬೇಕಿಲ್ಲ. ಒಂದು ಎಕ್ಸ್‌ಪೆಲ್ಲರ್ ಸಾಕು, ನನಗೆ ಇಷ್ಟವಾಗುವುದೂ ಅದೇ.

ಸರಿ, ಒಂದು ಲೀಟರ್ ಎಣ್ಣೆಗೆ ಬೀಜ ಎಷ್ಟು ಬೇಕು? ಎಕ್ಸ್‌ಪೆಲ್ಲರಿನಲ್ಲಾದರೆ ಸುಮಾರು ನಾಲ್ಕು ಕಿಲೋ. ಬಿಡಿಬಿಡಿಯಾಗಿ ಎಣಿಸಿದರೆ? ಹೆಚ್ಚುಕಡಿಮೆ ಮೂರು ಸಾವಿರ ಬೀಜ! ಹೆದರಬೇಡಿ. ಚೆನ್ನಾಗಿ ಬೆಳೆದ ಒಂದೇ ಮರ ವರ್ಷಕ್ಕೆ ಹತ್ತಾರು ಕಿಲೋ ಬೀಜ ಕೊಡುತ್ತದೆ. ನೀರು ಕೇಳುವುದಿಲ್ಲ, ಗೊಬ್ಬರ ಕೇಳುವುದಿಲ್ಲ!

ಈಗ ನನ್ನ ನೆಚ್ಚಿನ ಭಾಗ. ಈ ಬೀಜವನ್ನು ನೆಚ್ಚಿಕೊಂಡು ಒಂದು ಉದ್ಯಾನವನ್ನೇ ಕಟ್ಟಿದ್ದಾರೆ. ಎಲ್ಲಿ ಹೇಳಿ? ಜರ್ಮನಿ? ಬ್ರೆಜಿಲ್? ನಮ್ಮ ಹಾಸನ ತಾಲ್ಲೂಕಿನ ಮಡೆನೂರಿನಲ್ಲಿ! ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಕಟ್ಟಿದ ಜೈವಿಕ ಇಂಧನ ಉದ್ಯಾನ. ಶುರುವಾದದ್ದು 2007ರಲ್ಲಿ. ಇದರ ಬೆನ್ನಿಗೆ ನಿಂತವರು ಅದೇ ವಿಶ್ವವಿದ್ಯಾಲಯದ ಬಾಲಕೃಷ್ಣ ಗೌಡರು. ಅವರ ಲೆಕ್ಕಾಚಾರ ಎಷ್ಟು ಚಂದ ನೋಡಿ. ರಾಗಿ ಹೊಲ ಮುಟ್ಟಬೇಡಿ. ಭತ್ತದ ಗದ್ದೆ ಮುಟ್ಟಬೇಡಿ. ಬದು ಇದೆಯಲ್ಲ, ಅಲ್ಲಿ ನೆಡಿ. ಹಿತ್ತಲು, ಬೇಲಿ, ಪಾಳುನೆಲ, ಅಲ್ಲಿ ನೆಡಿ. ಅದೂ ಒಂದೇ ಜಾತಿಯದಲ್ಲ. ಹೊಂಗೆ, ಬೇವು, ಹಿಪ್ಪೆ, ಸೀಮರೂಬಾ, ಸುರಹೊನ್ನೆ. ಒಂದರ ಬೀಜ ಮುಗಿಯುವ ಹೊತ್ತಿಗೆ ಇನ್ನೊಂದರದು ಶುರು! ಗಾಣ ಖಾಲಿ ಕೂರುವುದಿಲ್ಲ, ಬೀಜ ಆಯುವವರ ಕೈಯೂ ಖಾಲಿ ಇರುವುದಿಲ್ಲ. ಈ ಪಟ್ಟಿಯಲ್ಲಿ ಎಣ್ಣೆಯಲ್ಲಿ ಹೊಂಗೆಯನ್ನೂ ಮೀರಿಸುವ ಒಂದು ಮರ ಯಾವುದು ಊಹಿಸಿ. ಸುರಹೊನ್ನೆ! ಅದರ ತಿರುಳಿನಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆ!

ಎರಡು ವರ್ಷಕ್ಕೆ, 2009ರಲ್ಲಿ, ಕರ್ನಾಟಕ ಜೈವಿಕ ಇಂಧನಕ್ಕೆಂದೇ ಒಂದು ನೀತಿ ತಂದಿತು.

ಎಣ್ಣೆ ಬಂತು. ನೇರವಾಗಿ ಎಂಜಿನ್ನಿಗೆ ಸುರಿಯಬಹುದೇ? ಸುರಿದು ತೋರಿಸಿದವರಿದ್ದಾರೆ! ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಕಗ್ಗನಹಳ್ಳಿ ಎಂಬ ಊರಿನಲ್ಲಿ ಹೊಂಗೆ ಎಣ್ಣೆಯಿಂದಲೇ ಜನರೇಟರ್ ಓಡಿಸಿದರು. ಆ ವಿದ್ಯುತ್ತಿನಿಂದ ನೀರೆತ್ತಿದರು! ಇನ್ನೂ ಹಿಂದಕ್ಕೆ ಹೋಗೋಣ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಒಂದು ಡೀಸೆಲ್ ಎಂಜಿನ್ ಓಡಿತು. ಇಂಧನ ಯಾವುದು? ಕಡಲೆಕಾಯಿ ಎಣ್ಣೆ!

ಆದರೆ ಹೊಂಗೆ ಎಣ್ಣೆ ಮಂದ. ಡೀಸೆಲ್ಲಿಗಿಂತ ಎಷ್ಟೋ ಪಟ್ಟು ಮಂದ. ಹೊಸ ಎಂಜಿನ್ನುಗಳ ಸಣ್ಣ ರಂಧ್ರಗಳಿಗೆ ಅದು ಒಗ್ಗುವುದಿಲ್ಲ. ಅದಕ್ಕೊಂದು ಉಪಾಯ. ಎಣ್ಣೆಯನ್ನು ಅರವತ್ತು ಡಿಗ್ರಿಯ ಹತ್ತಿರ ಕಾಯಿಸಿ, ಮೆಥನಾಲ್ ಮತ್ತು ಚೂರು ಕಾಸ್ಟಿಕ್ ಸೋಡಾ ಬೆರೆಸಿ ಕಲಕಬೇಕು. ಎಣ್ಣೆಯ ಒಂದೊಂದು ಅಣುವೂ ಮೂರು ಬಾಲಗಳ ಕಂತೆ. ಈ ಕ್ರಿಯೆಯಲ್ಲಿ ಬಾಲಗಳು ಕಳಚಿಕೊಳ್ಳುತ್ತವೆ. ಆಮೇಲೆ ಕಲಕುವುದು ನಿಲ್ಲಿಸಿ, ಕಾಯಬೇಕು.

ಕಣ್ಣೆದುರೇ ಪಾತ್ರೆ ಎರಡು ಪದರವಾಗುತ್ತದೆ! ಕೆಳಗೆ ಜೋನಿಬೆಲ್ಲದಂತೆ ಕಪ್ಪಗೆ, ದಪ್ಪಗೆ ಗ್ಲಿಸರಿನ್. ಮೇಲೆ ತಿಳಿಯಾದ ಹೊಂಬಣ್ಣದ ಬಯೋಡೀಸೆಲ್! ಮಂದತನ ಎಷ್ಟು ಇಳಿಯಿತು ಗೊತ್ತೇ? ಸುಮಾರು ಎಂಟು ಪಟ್ಟು! ನೀರಿನಲ್ಲಿ ತೊಳೆದು, ತೇವ ಆರಿಸಿದರೆ ಆಯಿತು. ಡೀಸೆಲ್ ಜೊತೆ ಬೆರೆಸಿ ಹಾಕಿ, ಲಾರಿ ಹೊರಡುತ್ತದೆ!

ಒಂದು ಎಚ್ಚರ. ಬೀಜ ಹಳತಾಗಿ, ತೇವ ಹಿಡಿದು ಎಣ್ಣೆ ಹುಳಿಯಾಗಿದ್ದರೆ ಇಂಧನದ ಬದಲು ಪಾತ್ರೆ ತುಂಬ ಸಾಬೂನು ಕಟ್ಟಿಕೊಳ್ಳುತ್ತದೆ! ಅದಕ್ಕೇ ಬೀಜವನ್ನು ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಬೇಕು.

ಇಷ್ಟೆಲ್ಲ ಆದ ಮೇಲೆ ಎಸೆಯುವುದೇನು? ಏನೂ ಇಲ್ಲ! ಗ್ಲಿಸರಿನ್ ಸೋಪಿಗೆ. ಹಿಂಡಿ ತೆಂಗಿನ ಬುಡಕ್ಕೆ, ಅಡಿಕೆ ಬುಡಕ್ಕೆ. ಅದರಲ್ಲಿ ನೂರಕ್ಕೆ ಸುಮಾರು ನಾಲ್ಕು ಪಾಲು ಸಾರಜನಕ! ದನಕ್ಕೆ ಮಾತ್ರ ಇಡಬೇಡಿ. ಹೊಂಗೆಯಲ್ಲಿ ಕರಂಜಿನ್ ಎಂಬ ಕಹಿ ವಸ್ತುವಿದೆ. ಅಡುಗೆಗೆ ಈ ಎಣ್ಣೆ ಬಾರದಿರುವುದೂ ಆ ಕಹಿಯಿಂದಲೇ. ಅದೇ ಕಹಿ ಹೊಲದಲ್ಲಿ ವರ! ಗೆದ್ದಲಿಗೆ, ಬೇರಿಗೆ ಕಾಡುವ ಹುಳುಗಳಿಗೆ ಹೊಂಗೆ ಹಿಂಡಿ ಎಂದರೆ ಆಗದು. ಊಟದ ಎಣ್ಣೆಯ ಜೊತೆ ಇದಕ್ಕೆ ಪೈಪೋಟಿಯೇ ಇಲ್ಲ ಎನ್ನುವುದು ನನಗೆ ಎಲ್ಲಕ್ಕಿಂತ ಹಿಡಿಸಿದ ಸಂಗತಿ. ಯಾರ ಬಾಣಲೆಯಿಂದಲೂ ಕಿತ್ತು ತಂದ ಇಂಧನವಲ್ಲ ಇದು!

ಸಸಿ ನೆಟ್ಟರೆ ನಾಲ್ಕರಿಂದ ಏಳು ವರ್ಷಕ್ಕೆ ಕಾಯಿ. ಆಮೇಲೆ ದಶಕಗಟ್ಟಲೆ, ವರ್ಷ ವರ್ಷವೂ ಕಾಯಿ! ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಸೇರಿಸುತ್ತಾ ಇರುತ್ತವೆ. ನಿಮ್ಮ ಬದುವಿನಲ್ಲಿ ನಾಲ್ಕು ಸಸಿಗೆ ಜಾಗ ಇದೆಯೇ? ಮುಂಗಾರು ಹಿಡಿಯುವ ಮೊದಲೇ ಗುಂಡಿ ತೋಡಿಡಿ!