ಹೆರಿಗೆ ಕೋಣೆಯಲ್ಲಿ ಜೊತೆಗಿರುವವಳು

ಹೆರಿಗೆ ನೋವು ತಾಳಲಾರದೆ ಮರ್ಯಮ್(ಅ) ಖರ್ಜೂರದ ಮರದ ಬುಡಕ್ಕೆ ಬಂದ ಪ್ರಸಂಗವನ್ನು ನಾವು ಖುತ್ಬಾಗಳಲ್ಲಿ ಕೇಳಿದ್ದೇವೆ. ಆಗ ಕೇಳಿಬಂದ ದನಿ ಮೊದಲು ಅವರ ದುಃಖವನ್ನು ಸಂತೈಸಿತು. ನೀರು, ಹಣ್ಣು ತೋರಿಸಿದ್ದು ಆಮೇಲೆ.

ಹೆರುವವಳ ಪಕ್ಕದಲ್ಲಿ ಧೈರ್ಯ ಹೇಳುವವರಿರಬೇಕೆಂಬುದನ್ನು ಇಂದು ವೈದ್ಯರೂ ಒಪ್ಪುತ್ತಾರೆ. 15,000ಕ್ಕೂ ಹೆಚ್ಚು ಮಹಿಳೆಯರ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದ 2017ರ ಕಾಕ್ರೇನ್ ವರದಿಯ ಪ್ರಕಾರ, ಕೊನೆಯವರೆಗೂ ಜೊತೆಗಾರ್ತಿ ಇದ್ದರೆ ಸಿಸೇರಿಯನ್ ಕಡಿಮೆಯಾಗಬಹುದು, ಹೆರಿಗೆಯ ಅವಧಿಯೂ ತಗ್ಗಬಹುದು. ಈ ಕೆಲಸಕ್ಕೆಂದೇ ತರಬೇತಿ ಪಡೆದವಳನ್ನು ಹೊರದೇಶಗಳಲ್ಲಿ ಡೌಲಾ ಎನ್ನುತ್ತಾರೆ. ನಮ್ಮಲ್ಲಿ ಆ ಜಾಗದಲ್ಲಿ ನಿಲ್ಲುವವರು ಅಮ್ಮ, ಖಾಲಾ ಅಥವಾ ಅತ್ತಿಗೆ. ಸರ್ಕಾರಿ ಆಸ್ಪತ್ರೆಯಲ್ಲಿ ಅಂಥ ಒಬ್ಬ ಮಹಿಳೆಯನ್ನು ಒಳಗೆ ಬಿಡಬೇಕೆಂದು ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆ.

ಆದರೂ ಲೇಬರ್ ವಾರ್ಡಿನ ಬಾಗಿಲಲ್ಲಿ ಮಾತಿಗೆ ಮಾತು ಬೆಳೆಯುವುದುಂಟು. ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ನಮ್ಮ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು, ಅದೂ ಹಣ ಪಡೆಯದೆ. 2018ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅವರಂಥ ದಾಯಿಯ ಕೈಯಲ್ಲಿ ಧೈರ್ಯ ಹೇಳುವುದು, ಮಗುವನ್ನು ಹೊರತರುವುದು ಎರಡೂ ಒಂದೇ ಕೆಲಸವಾಗಿತ್ತು. ಇಂದು ಆ ಕೆಲಸ ಇಬ್ಬರ ಪಾಲಾಗಿದೆ. ಜೊತೆಗಾರ್ತಿ ತಾನೇ ದಾಯಿ ಎಂದುಕೊಂಡು ಹೊಟ್ಟೆ ಒತ್ತುವುದು, ಸಿಸ್ಟರ್ ಕಣ್ತಪ್ಪಿಸಿ ಹರಳೆಣ್ಣೆ ಕುಡಿಸುವುದು ಅಪಾಯ. ಹೀಗಾದಾಗ ಸಿಸ್ಟರ್ ಅವಳನ್ನು ಹೊರಗೆ ಕಳಿಸಿದರೆ ತಪ್ಪೆನ್ನಲಾಗದು. ಆದರೆ ಒಳಗೆ ಒಂಟಿಯಾಗುವವಳು ನಮ್ಮ ಮಗಳು.

ಸಿಸ್ಟರ್‌ಗೆ ನಿಜವಾಗಿ ಬೇಕಾದದ್ದು ಮಾಹಿತಿ. ನೋವು ಎಷ್ಟು ಗಂಟೆಗೆ ಶುರುವಾಯಿತು, ನೀರು ಯಾವಾಗ ಹೋಯಿತು, ರಕ್ತ ಕಂಡಿತೇ, ಮಗು ಅಲುಗುತ್ತಿದೆಯೇ, ಹಿಂದೆ ಸಿಸೇರಿಯನ್ ಆಗಿತ್ತೇ ಎಂಬುದನ್ನು ತಾಯಿ ಕಾರ್ಡ್ ಕೈಗಿಟ್ಟು ಹೇಳುವವಳಿಗೆ ಅಲ್ಲೇ ಮರ್ಯಾದೆ ಹುಟ್ಟುತ್ತದೆ. ಆಂಧ್ರದ ಗಡಿಯಂಚಿನ ನಾಗಲಮಡಿಕೆ ಕಡೆಯಲ್ಲಿ ಇನ್ನೊಂದು ಮಾತಿದೆ. ನಮ್ಮ ಹುಡುಗಿ ಮನೆಯಲ್ಲಿ ಆಡುವುದು ಉರ್ದು, ಸಿಸ್ಟರ್ ಕೇಳುವುದು ಕನ್ನಡದಲ್ಲೋ ತೆಲುಗಿನಲ್ಲೋ. ನೋವಿನಲ್ಲಿ ಕಲಿತ ಭಾಷೆ ನಾಲಿಗೆಗೆ ಬರುವುದಿಲ್ಲ. ಎರಡೂ ಬಲ್ಲವಳನ್ನು ಜೊತೆಗೆ ಕಳಿಸಿದರೆ ಡಾಕ್ಟರಿಗೂ ಅರ್ಧ ಕೆಲಸ ಹಗುರ. ಕೂಗಾಡುವ ಹಿರಿಯರಿಗಿಂತ, ತಾನೇ ಹೆತ್ತು ಅನುಭವವಿರುವ ಶಾಂತ ಸ್ವಭಾವದವಳು ಮೇಲು. ಎಂಟನೇ ತಿಂಗಳ ತಪಾಸಣೆಗೆ ಅವಳನ್ನೇ ಕರೆದೊಯ್ದು ಪರಿಚಯ ಮಾಡಿಸಿರಿ. ಪರದೆ ಬೇಕು, ಆದಷ್ಟೂ ಮಹಿಳಾ ಡಾಕ್ಟರೇ ನೋಡಲಿ ಎಂಬುದನ್ನೂ ಅಂದೇ ಕೇಳಿಕೊಳ್ಳಿರಿ. ನೋವು ಜೋರಾದ ಮೇಲೆ ಕೇಳಿದರೆ ಅದು ಜಗಳದಂತೆ ಕಾಣುತ್ತದೆ.

ತುಮಕೂರಿಗೆ ಕರೆದೊಯ್ಯಿರಿ ಎಂದರೆ ಸುಮಾರು ನೂರು ಕಿಲೋಮೀಟರ್ ದಾರಿ. ವಾದಿಸುತ್ತ ಕಳೆಯುವ ಪ್ರತಿ ನಿಮಿಷವೂ ತಾಯಿಯದು. ಕಾರಣ ಕೇಳಿ, ಚೀಟಿ ಪಡೆದು, ಜೊತೆಗಾರ್ತಿಯೂ ಆಂಬುಲೆನ್ಸ್ ಹತ್ತಲಿ. ಸಿಬ್ಬಂದಿ ಹೀನಾಯವಾಗಿ ಮಾತಾಡಿದ್ದರೆ ಸುಮ್ಮನಿರಬೇಕೆಂದು ನಾವು ಹೇಳುವುದಿಲ್ಲ. ಹೆರಿಗೆ ಮುಗಿದ ಮೇಲೆ ವೈದ್ಯಾಧಿಕಾರಿಗೆ ಬರೆದು ಕೊಡಿರಿ, ಅಥವಾ 104ಕ್ಕೆ ಕರೆ ಮಾಡಿರಿ.

ಮಗುವಿನ ಕಿವಿಯಲ್ಲಿ ಅಝಾನ್ ಹೇಳಲು ಒಂದೆರಡು ನಿಮಿಷ ಸಾಕು. ಮಗುವನ್ನು ಒರೆಸಿ, ಬೆಚ್ಚಗೆ ಸುತ್ತಿ, ತಾಯಿಯ ಹಾಲು ಕುಡಿಸಿದ ಮೇಲೆ ಅನುಮತಿ ಕೇಳಿದರೆ ಯಾರೂ ಬೇಡವೆನ್ನಲಾರರು. ತಹ್ನೀಕ್ ಮಾಡುವ ಆಸೆಯಿದ್ದರೆ ಮಕ್ಕಳ ಡಾಕ್ಟರನ್ನು ಕೇಳಿಯೇ ಮುಂದುವರಿಯಿರಿ. ಜೇನನ್ನಂತೂ ವರ್ಷ ತುಂಬುವವರೆಗೆ ಮಗುವಿನ ಬಾಯಿಗೆ ಹಾಕಬಾರದು.