ನಿದ್ರಿಸದ ಗಣಕಯಂತ್ರ

ಹದಿನೈದು ನಿಮಿಷ ಕೆಲಸವಿಲ್ಲದಿದ್ದರೆ ನಿದ್ರಾಸ್ಥಿತಿಗೆ ಹೋಗಬೇಕೆಂದು ವಿಂಡೋಸ್‌ನಲ್ಲಿ ನಿಗದಿಪಡಿಸಿದ್ದರೂ ಕಚೇರಿಯ ಗಣಕಯಂತ್ರ ರಾತ್ರಿಯಿಡೀ ಎಚ್ಚರವಾಗಿಯೇ ಇರುವುದುಂಟು. ಯಂತ್ರವೊಂದಕ್ಕೆ 60 ವ್ಯಾಟ್ ಎಂದು ಹಿಡಿದರೂ, ಸಂಜೆ 7ರಿಂದ ಬೆಳಿಗ್ಗೆ 9ರವರೆಗೆ ಹತ್ತು ಯಂತ್ರಗಳಿಂದ 8.4 ಯೂನಿಟ್ ವಿದ್ಯುತ್ ವ್ಯರ್ಥವಾಗುತ್ತದೆ. ಸ್ಕ್ರೀನ್ ಸೇವರ್ ಓಡುತ್ತಿದ್ದ ಮಾತ್ರಕ್ಕೆ ಉಳಿತಾಯವಾಗುತ್ತಿದೆಯೆಂದು ಭಾವಿಸಬಾರದು.

ಇಂತಹ ಸಂದರ್ಭದಲ್ಲಿ ಸೆಟ್ಟಿಂಗ್‌ಗಳನ್ನು ಮತ್ತೆ ಮತ್ತೆ ಬದಲಿಸುವುದು ನಿಷ್ಪ್ರಯೋಜಕ. ಯಾವುದೋ ತಂತ್ರಾಂಶವೋ ಸಾಧನವೋ ಯಂತ್ರವನ್ನು ಎಚ್ಚರವಾಗಿರುವಂತೆ ಕೋರುತ್ತಿರುತ್ತದೆ; ಅದನ್ನು ಪತ್ತೆ ಹಚ್ಚಬೇಕು. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ತೆರೆದು, ‘ಪವರ್‌ಸಿಎಫ್‌ಜಿ /ರಿಕ್ವೆಸ್ಟ್ಸ್’ ಎಂಬ ಆದೇಶವನ್ನು ಆಂಗ್ಲ ಅಕ್ಷರಗಳಲ್ಲಿ ನೀಡಿದರೆ ಅಂತಹ ಕೋರಿಕೆಗಳ ಪಟ್ಟಿ ಮೂಡುತ್ತದೆ. ಅಲ್ಲಿ ‘ಎಸ್‌ಆರ್‌ವಿನೆಟ್’ ಎಂಬ ಹೆಸರು ಕಂಡರೆ, ಈ ಯಂತ್ರದಲ್ಲಿರುವ ಕಡತವನ್ನು, ಬಹುಶಃ ಲೆಕ್ಕಪತ್ರವನ್ನೇ, ಬೇರೊಂದು ಗಣಕ ಜಾಲದ ಮೂಲಕ ಬಳಸುತ್ತಿದೆಯೆಂದು ಅರ್ಥ. ಈ ಕೋರಿಕೆಯನ್ನು ಕಡೆಗಣಿಸುವಂತೆ ಆದೇಶಿಸಲೂ ಸಾಧ್ಯವಿದೆ. ಆದರೆ ಕಡತ ತೆರೆದಿರುವಾಗಲೇ ಯಂತ್ರ ನಿದ್ರೆಗೆ ಜಾರಿದರೆ ಲೆಕ್ಕಕ್ಕೆ ಹಾನಿ ತಟ್ಟಬಹುದು. ಆದುದರಿಂದ ಸಂಜೆ ಗುಮಾಸ್ತರೆಲ್ಲರೂ ಕಡತಗಳನ್ನು ಮುಚ್ಚಿ ಹೊರಡುವುದೇ ಲೇಸು.

ನಿದ್ರಿಸಿದ ಯಂತ್ರ ತಾನಾಗಿ ಏಳುತ್ತಿದ್ದರೆ ‘ಪವರ್‌ಸಿಎಫ್‌ಜಿ /ಲಾಸ್ಟ್‌ವೇಕ್’ ಆದೇಶ ಕೊಟ್ಟು ನೋಡಬೇಕು. ಎಬ್ಬಿಸುತ್ತಿರುವುದು ಮೌಸ್ ಅಥವಾ ನೆಟ್‌ವರ್ಕ್ ಕಾರ್ಡ್ ಆಗಿದ್ದಲ್ಲಿ, ಡಿವೈಸ್ ಮ್ಯಾನೇಜರ್‌ನಲ್ಲಿ ಅದರ ‘ಪವರ್ ಮ್ಯಾನೇಜ್‌ಮೆಂಟ್’ ಪುಟವನ್ನು ತೆರೆದು, ಎಬ್ಬಿಸುವ ಅನುಮತಿಯ ಗುರುತನ್ನು ತೆಗೆದರಾಯಿತು.