ಪರದೆ ಮೇಲೆ ಕಾಣೋ ಹೆಸರು ಯಾರು ಕೊಟ್ಟಿದ್ದು?

ಇದು ಕಾಶಿಯ ಹರಿಶ್ಚಂದ್ರ ಘಾಟ್, ಪಕ್ಕದಲ್ಲೇ ನಮ್ಮ ಕರ್ನಾಟಕ ಘಾಟ್. ಅಪ್ಪನ ಅಸ್ಥಿ ಬಿಡೋಕೆ ಬಂದವರಿಗೆ 'ಧರ್ಮಶಾಲೆ' ಅಂತ ಹೆಸರು ತೋರಿಸಿ ಕರೆ ಬಂದ್ರೆ, ಆ ಹೊತ್ತಲ್ಲಿ ಯೋಚನೆ ಮಾಡದೆ ಅಡ್ವಾನ್ಸ್ ಕಳಿಸಿಬಿಡ್ತೀವಿ. ತಡೀರಿ.

ನೆಟ್‌ವರ್ಕ್‌ನಿಂದ ಮೊದಲೆಲ್ಲ ಸಾಮಾನ್ಯವಾಗಿ ಬರ್ತಿದ್ದದ್ದು ನಂಬರ್ ಮಾತ್ರ. ಟ್ರೂಕಾಲರ್‌ನಂಥ ಆ್ಯಪ್ ಅದನ್ನ ತನ್ನ ಪಟ್ಟಿಯಲ್ಲಿ ಹುಡುಕಿ ಹೆಸರು ತೋರಿಸುತ್ತೆ. ಆ ಹೆಸರನ್ನ ಬಳಕೆದಾರರೇ ಕೊಟ್ಟಿರಬಹುದು. ಸಿಮ್ ಅರ್ಜಿಯಲ್ಲಿರುವ ಹೆಸರನ್ನೇ ತೋರಿಸುವ ಸಿಎನ್‌ಎಪಿ ವ್ಯವಸ್ಥೆಗೆ ಟ್ರಾಯ್ 2024ರ ಫೆಬ್ರವರಿಯಲ್ಲಿ ಶಿಫಾರಸು ಮಾಡಿತು. ಅದೂ ಹೇಳೋದು ಸಿಮ್ ಯಾರ ಹೆಸರಲ್ಲಿದೆ ಅಂತ. ಮಾತಾಡ್ತಿರೋರು ಯಾರು ಅಂತ ಅಲ್ಲ.

ಹಾಗಾಗಿ ಫೋನ್ ಇಟ್ಟು, ಬುಕಿಂಗ್ ರಸೀದಿಯಲ್ಲಿರೋ ನಂಬರಿಗೆ ನೀವೇ ಮಾಡಿ. ದುಡ್ಡು ಹೋಗಿದ್ರೆ ತಕ್ಷಣ 1930.